ಭಾವನಿಗೆ ಊಟ ತೋರಿಸಿದ ದಿನ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಈ ಐದು ಊರುಗಳಲ್ಲಿ ಎಲ್ಲಿ ಏನು ತಿನ್ನಬೇಕು, ಯಾವ ಹೊತ್ತಿಗೆ ಹೋದರೆ ಬಿಸಿ ಸಿಗುತ್ತದೆ, ಯಾವ ಹೋಟೆಲಿನ ಚಹಾವನ್ನು ಮಧ್ಯಾಹ್ನದ ಮೇಲೆ ಮುಟ್ಟಬಾರದು ಎಂಬುದೆಲ್ಲ ನನಗೆ ಗೊತ್ತು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಆರ್ಡರು ಹಿಡಿಯುವುದು ನನ್ನ ಕೆಲಸ. ಎಲ್ಲಿ ಮನೆ ಕಟ್ಟುತ್ತಿದ್ದಾರೋ ಅಲ್ಲಿಗೆ ಹೋಗುತ್ತೇನೆ, ಮಾತಾಡುತ್ತೇನೆ, ಹಸಿದಾಗ ತಿನ್ನುತ್ತೇನೆ. ಇಷ್ಟು ವರ್ಷ ತಿಂದು ಗಳಿಸಿದ ಈ ತಿಳಿವಳಿಕೆಯನ್ನು ಒಂದು ದಿನ ಒಬ್ಬ ಮನುಷ್ಯನನ್ನು ಬೆಳಗಿನಿಂದ ಸಂಜೆಯವರೆಗೆ ಉಪವಾಸ ಕೆಡವಲು ಬಳಸಿದೆ. ಅವರು ನನ್ನ ಅಕ್ಕನ ಗಂಡ. ಆ ದಿನವನ್ನು ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಮೊದಲು ಅವ್ವನ ವಿಷಯ.

ಅಕ್ಕ ಭಾವ ಇರುವುದು ಅರಮನೆಯಿರುವ ಒಂದು ದೊಡ್ಡ ಊರಿನಲ್ಲಿ. ವರ್ಷವಿಡೀ ಪ್ರವಾಸಿಗರು ಬರುವ ಊರು. ಭಾವ ಅಲ್ಲಿ ಜನರಿಗೆ ಊಟದ ಜಾಗ ತೋರಿಸುತ್ತಾರೆ. ಎಲ್ಲಿ ದೋಸೆ, ಎಲ್ಲಿ ಕಾಫಿ, ಯಾವ ಓಣಿಯಲ್ಲಿ ಮುದುಕಪ್ಪನೊಬ್ಬ ಇನ್ನೂ ಸೌದೆ ಒಲೆಯಲ್ಲಿ ಇಡ್ಲಿ ಬೇಯಿಸುತ್ತಾನೆ ಎಂದು ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕುತ್ತಾರೆ. ಅದನ್ನು ನೋಡುವ ಜನ ಬಹಳ. ಎರಡು ವರ್ಷದ ಕೆಳಗೆ ಅವ್ವ ಅಲ್ಲಿಗೆ ಹೋದಳು. ಅಕ್ಕ ಶಾಲೆಯ ಟೀಚರು, ಆಗ ಪರೀಕ್ಷೆಯ ಕೆಲಸ. ಹಾಗಾಗಿ ಹಗಲೆಲ್ಲ ಅವ್ವನನ್ನು ಊರು ತೋರಿಸಲು ಕರೆದುಕೊಂಡು ಹೋದವರು ಭಾವ.

ನಾನು ಅಲ್ಲಿರಲಿಲ್ಲ. ಆದರೂ ನನಗೆ ಎಲ್ಲ ನೆನಪಿದೆ. ಹಿತ್ತಾಳೆಯ ಡಬರಿಯಿಂದ ಕಾಫಿ ಎತ್ತಿ ಹೊಯ್ಯುವ ಕೈ, ಬೆಣ್ಣೆ ಕರಗಿ ದೋಸೆಯ ಅಂಚಿಗೆ ಹರಿಯುವುದು, ಅವ್ವ ಸೆರಗು ಸರಿಮಾಡಿಕೊಳ್ಳುವುದು. ಈ ನೆನಪು ನನ್ನದಲ್ಲ, ಕದ್ದದ್ದು. ಅರ್ಧ ಭಾವನ ವಿಡಿಯೋದಿಂದ, ಅರ್ಧ ಅವ್ವ ಹೇಳದೆ ಬಿಟ್ಟ ಮಾತುಗಳಿಂದ. ಕದ್ದ ನೆನಪಿನ ಗುಣವೇನೆಂದರೆ ಅದು ಮಾಸುವುದಿಲ್ಲ.

ನಮ್ಮ ಕಡೆಯ ಒಂದು ರೀತಿಯನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಯಾರೂ ಮೊದಲ ಸಲ ಕರೆದಾಗ ಉಣ್ಣುವುದಿಲ್ಲ. "ಊಟ ಮಾಡ್ರಿ" ಎಂದರೆ "ಬ್ಯಾಡ್ರಿ, ಈಗ ಆಗ್ಯದ" ಎನ್ನಬೇಕು. ಬೆಳಗಿನಿಂದ ನೀರೂ ಕುಡಿದಿರದಿದ್ದರೂ ಹಾಗೆಯೇ ಅನ್ನಬೇಕು. ಆಗ ಕರೆದವರು ಮತ್ತೆ ಕೇಳಬೇಕು, ಬೈಯಬೇಕು, ಕೈಹಿಡಿದು ಕೂಡಿಸಬೇಕು. ಆಮೇಲೆ ಉಣ್ಣುವುದು. ಖರೇ ಬೇಡವಾದವರು ಬಾಯಿಂದ ಹೇಳುವುದೇ ಇಲ್ಲ, ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಾರೆ. ಬಾಯಿಯ ಬೇಡಕ್ಕೆ ಯಾರೂ ಕಿವಿಗೊಡುವುದಿಲ್ಲ, ಕೈಯ ಬೇಡವನ್ನು ಯಾರೂ ಮೀರುವುದಿಲ್ಲ. ಇನ್ನು ಅತ್ತೆ ಅಳಿಯನ ಮುಂದೆ ಕೂತಾಗ ಈ ರೀತಿ ಇನ್ನೂ ಬಿಗಿ. ಅಳಿಯನ ಎದುರು ಅತ್ತೆ ಹಸಿವೆಂಬ ಮಾತೆತ್ತುವುದೆಂದರೆ ತಲೆಯ ಮೇಲಿನ ಸೆರಗು ತೆಗೆದಂತೆ.

ಭಾವ ಇದನ್ನೆಲ್ಲ ಓದಿ ತಿಳಿಯಬೇಕಾದವರಲ್ಲ. ಅವರು ಇಲ್ಲೇ ಸೇಡಂ ಹತ್ತಿರದ ಮುಧೋಳದಲ್ಲಿ ಹುಟ್ಟಿ ಬೆಳೆದವರು. ನಮ್ಮ ಮನೆಯಲ್ಲಿಯೇ ಎಷ್ಟೋ ಸಲ "ಬ್ಯಾಡ್ರಿ, ಸಾಕ್ರಿ" ಎನ್ನುತ್ತ, ಅವ್ವ ಬಾಗಿಲ ಮರೆಯಿಂದ ನನ್ನ ಕೈಲಿ ಕಳಿಸಿದ ರೊಟ್ಟಿಯ ಮೇಲೆ ರೊಟ್ಟಿ ತಿಂದವರು.

ಅವರು ಆ ಊರಿನಲ್ಲಿ ಅವ್ವನ ಬಾಯಿಯ ಬೇಡವನ್ನು ಹಿಡಿದುಕೊಂಡರು. ಪ್ರತಿ ಹೋಟೆಲಿನಲ್ಲೂ "ಏನ್ ತಗೋತೀರಿ?" ಎಂದರು, ಅವ್ವ "ಏನೂ ಬ್ಯಾಡ" ಎಂದಳು, ಅವರು ಸಪ್ಲೈಯರನಿಗೆ "ಒಂದೇ ಪ್ಲೇಟ್" ಎಂದರು. ತಂದಿಟ್ಟದ್ದನ್ನು ಮೊಬೈಲಿಗೆ ತೋರಿಸಿ ತಾವು ತಿಂದರು. ಅವ್ವ ರಾತ್ರಿ ಮನೆಗೆ ಬಂದು ಅಕ್ಕನಿಗೆ "ಭಾಳ ಉಂಡೀನಿ, ಹೊಟ್ಟಿ ಭಾರ ಆಗ್ಯದ" ಎಂದು ಹೇಳಿ ಮಲಗಿದಳು. ಅಳಿಯ ಉಣಿಸಲಿಲ್ಲವೆಂದು ಮಗಳಿಗೆ ಹೇಳಿದರೆ ಗಂಡ ಹೆಂಡಿರ ನಡುವೆ ಜಗಳವಾದೀತು. ಅಷ್ಟಕ್ಕಾಗಿ ಹಸಿದು ಮಲಗಿದಳು.

ನನಗೆ ಗೊತ್ತಾದದ್ದು ಆಕೆ ತಿರುಗಿ ಬಂದು ವಾಡಿ ಸ್ಟೇಶನ್ನಿನಲ್ಲಿ ಇಳಿದ ಬೆಳಿಗ್ಗೆ. ಅಂದು ಮಂಜು ಇತ್ತು ಎಂದು ಮೊದಲು ಬರೆದಿದ್ದೆ, ಹೊಡೆದು ಹಾಕಿದೆ. ವಾಡಿಯಲ್ಲಿ ಎಲ್ಲಿಯ ಮಂಜು? ಧೂಳಿದ್ದಿರಬೇಕು. ಅವ್ವ ಚೀಲ ನನ್ನ ಕೈಗೆ ಕೊಟ್ಟು, ಹ್ಯಾಂಗಿದ್ದಿ ಎಂದೂ ಕೇಳದೆ, ಸ್ಟೇಶನ್ ಹೊರಗಿನ ಸೂಸಲಾ ಬಂಡಿಯತ್ತ ನಡೆದಳು. ಜೀವಮಾನದಲ್ಲಿ ರಸ್ತೆಯಲ್ಲಿ ನಿಂತು ತಿಂದವಳಲ್ಲ. ಅಂದು ನಿಂತು ತಿಂದಳು. ಒಗ್ಗರಣೆಯ ಚುರುಮುರಿ, ಮೇಲೆ ಬಿಸಿ ಮಿರ್ಚಿ ಭಜಿ. ಬಂಡಿಯವನು "ಯವ್ವಾ, ಇನ್ನ ಜರಾ ಹಾಕ್ಲೇನು?" ಎಂದ.

"ಹಾಕು," ಎಂದಳು ಅವ್ವ.

ಮೊದಲ ಸಲಕ್ಕೇ. ಬ್ಯಾಡ ಎನ್ನದೆ. ಆಕೆ ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನಗೆ ಉಳಿದದ್ದೆಲ್ಲ ಅಲ್ಲೇ ತಿಳಿಯಿತು.

ಕೆಲವು ದಿನಗಳ ಮೇಲೆ ವಿಡಿಯೋ ಬಂತು. ಭಾವ ದೋಸೆ ಮುರಿಯುತ್ತ, ಆ ಊರಿನ ಕನ್ನಡದಲ್ಲಿ, "ನೋಡಿ ಸ್ನೇಹಿತರೇ, ಇವರು ನಮ್ಮ ಅತ್ತೆ. ಏನು ಕೊಡ್ಸಿದ್ರೂ ಬೇಡವಂತೆ! ಗಾಳಿ ಕುಡಿದೇ ಬದುಕ್ತಾರೆ ನಮ್ಮ ಕಡೆಯವರು" ಎಂದು ನಗುತ್ತಾರೆ. ಕೆಳಗೆ ಯಾರ್ಯಾರೋ ನಕ್ಕು ಬರೆದಿದ್ದರು. ನಾನು ಅದನ್ನು ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ಅವ್ವನ ಮುಂದೆ ತಾಟಿಲ್ಲ, ಒಂದು ಲೋಟ ನೀರು. ಕೈ ಎರಡೂ ಮಡಿಲಲ್ಲಿವೆ. ಅಡ್ಡ ಹಿಡಿದಿಲ್ಲ.

ಫೋನು ಮಾಡಿದೆ. "ಭಾವಾರ, ಅವ್ವ ಅಲ್ಲಿ ಹಸಿದಿದ್ಲು."

"ಹಸಿದ್ರ ಹಸಿವ್ಯಾಗ್ಯದ ಅನ್ಬೇಕೋ ಸಾಲೇಸಾಬ್," ಎಂದರು. ಹೆಂಡತಿಯ ತಮ್ಮನೆಂದು ನನ್ನನ್ನು ಹಾಗೆ ಕರೆಯುವುದು ಅವರಿಗೆ ಒಂದು ತಮಾಷೆ. "ಬಾಯಿ ಅದ ಇಲ್ಲೋ? ಇದು ಸಿಟಿ. ಇಲ್ಲಿ ಯಾರೂ ಎರಡನೇ ಸಲ ಕೇಳಂಗಿಲ್ಲ."

ಆ ಒಂದು ಮಾತು, ಹಸಿವ್ಯಾಗ್ಯದ ಎಂಬುದು, ಅವರದೇ ಬಾಯಿಂದ ಅವರದೇ ಹೊಟ್ಟೆಗಾಗಿ ಹೊರಡಬೇಕು. ನಮ್ಮ ನೆಲದ ಮೇಲೆ, ನನ್ನ ಎದುರು. ನನಗೆ ಬೇಕಾದದ್ದು ಅಷ್ಟೇ. ಕ್ಷಮೆ ಬೇಕಾಗಿರಲಿಲ್ಲ. ಕ್ಷಮೆ ಕೇಳುವವರು ಕೇಳಿದ ಮೇಲೆ ಹಗುರಾಗುತ್ತಾರೆ. ಅವರು ಹಗುರಾಗುವುದು ನನಗೆ ಬೇಕಿರಲಿಲ್ಲ.

ಹೋದ ಚಳಿಗಾಲದಲ್ಲಿ ಅವರೇ ಫೋನು ಮಾಡಿದರು. "ನಮ್ಮ ಕಡೀ ಊಟದ ಮ್ಯಾಲೆ ಒಂದು ವಿಡಿಯೋ ಮಾಡಬೇಕಂತೀನಿ. ಮಳಖೇಡ ಕೋಟಿನೂ ತೋರಸೋಣ. ನಿನಗ ಐದೂರಿನ ಹೋಟೆಲು ಗೊತ್ತವ ಅಲ್ಲ? ಮುಂಜಾನೆ ವಾಡಿಗೆ ಇಳೀತೀನಿ, ಸಂಜಿ ಗಾಡಿಗೆ ಹೊಂಡ್ತೀನಿ. ರೈಲಿನಾಗ ಏನೂ ತಿನ್ನಂಗಿಲ್ಲ ನೋಡು, ಜಾಗ ಇಟ್ಕೊಂಡೇ ಬರ್ತೀನಿ."

"ಬರ್ರಿ ಭಾವಾರ," ಎಂದೆ. "ಭಾಳ ಛಲೋ ಆತು."

ಹೋಟೆಲಿನವರು ಒತ್ತಾಯ ಮಾಡದೆ ಬಿಡುವವರಲ್ಲ. ಅದಕ್ಕೆ ಹಿಂದಿನ ದಿನವೇ ಎಲ್ಲ ಕಡೆ ಹೇಳಿಟ್ಟೆ: ನಾಳೆ ನಮ್ಮ ಭಾವ ಬರುತ್ತಾರೆ, ಡಾಕ್ಟರು ಭಾರೀ ಪಥ್ಯ ಹಚ್ಚಿದ್ದಾರೆ, ಬೇಡ ಎಂದರೆ ಬಿಟ್ಟುಬಿಡಿ, ಒತ್ತಾಯ ಮಾಡಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಅವ್ವನಿಗೆ ಮಾತ್ರ ಏನೂ ಹೇಳಲಿಲ್ಲ. ಅಳಿಯ ಬರುತ್ತಾನೆ, ಹೊರಗೇ ತಿರುಗಾಡಿ ಉಣ್ಣುತ್ತಾನೆ, ನೀನೇನೂ ಮಾಡಬೇಡ ಎಂದಷ್ಟೇ ಹೇಳಿದೆ.

ಮೊದಲು ಶಹಾಬಾದ. ಅಲ್ಲಿ ಒಂದು ನಾಷ್ಟಾದ ಅಂಗಡಿ, ಬೆಂಚುಗಳೂ ಅದೇ ಊರಿನ ಕಲ್ಲಿನವು, ಚಳಿಗಾಲದ ಬೆಳಿಗ್ಗೆ ಕೂತರೆ ಮೈ ಜುಂ ಎನ್ನುತ್ತದೆ. ಎಣ್ಣೆಯಿಂದ ಆಗತಾನೇ ಎತ್ತಿದ ಮಿರ್ಚಿ ಭಜಿ ಪೇಪರಿನ ಮೇಲೆ ಚುರುಗುಡುತ್ತಿತ್ತು. ಭಾವ ಅದರ ಸುತ್ತ ಮೊಬೈಲು ತಿರುಗಿಸಿದರು. ಅಂಗಡಿಯವರು ಕೇಳಿದರು, "ನಿಮಗ ಹಾಕ್ಲೇನ್ರಿ?"

ಇಲ್ಲಿ ಏನಾಗುತ್ತದೋ ಎಂದು ನನಗೆ ಸ್ವಲ್ಪ ಭಯವಿತ್ತು. ಆದರೆ ಸಿಟಿಯಲ್ಲಿ ಬಾಯಿಬಿಟ್ಟು ಕೇಳಬೇಕೆಂದು ಕಲಿಸಿದ ಬಾಯಿ, ಶಹಾಬಾದಿನ ಬೆಂಚಿನ ಮೇಲೆ ಕೂತದ್ದೇ ಅಳಿಯನ ಬಾಯಿಯಾಗಿಬಿಟ್ಟಿತು.

"ಅಯ್ಯ, ಬ್ಯಾಡ್ರಿ, ಈಗೇನು..." ಎಂದರು ಭಾವ.

"ಅವ್ರಿಗೆ ಬ್ಯಾಡಂತ್ರಿ," ಎಂದೆ. "ನನಗ ಹಾಕ್ರಿ."

ಅವರು ನನ್ನನ್ನು ನೋಡಿದರು. ನಾನು ಭಜಿ ನೋಡಿದೆ. ಅದರ ಗರಿಗರಿ ಹೊರಪದರ ಹಲ್ಲಿಗೆ ಸಿಕ್ಕು ಮುರಿದ ಸಪ್ಪಳ ನನಗೇ ದೊಡ್ಡದಾಗಿ ಕೇಳಿತು. ಚಹಾ ಮಾತ್ರ ಅವರಿಗೆ ಸಿಕ್ಕಿತು. ಚಹಾವನ್ನು ನಮ್ಮಲ್ಲಿ ಯಾರೂ ಕೇಳಿ ಕೊಡುವುದಿಲ್ಲ, ತಂದು ಕೈಗೆ ಹಿಡಿಸುತ್ತಾರೆ. ಅದನ್ನು ತಪ್ಪಿಸುವ ಉಪಾಯ ನನಗೆ ಹೊಳೆದಿರಲಿಲ್ಲ.

ಚಿತ್ತಾಪುರದಲ್ಲಿ ತಹರಿ ಮಾಡುವ ಚಾಚಾ. ದಪ್ಪ ಹಂಡೆಯ ಮುಚ್ಚಳ ತೆಗೆದರೆ ಮಸಾಲೆ ಅನ್ನದ ಹಬೆ ರಸ್ತೆಯ ಆಚೆ ಬದಿಗೆ ಹೋಗಿ ಜನರನ್ನು ಕರೆತರುತ್ತದೆ.

"ಬರ್ರಿ ಬರ್ರಿ, ಕುಂದ್ರಿ. ಇವ್ರು ಯಾರು?"

"ನಮ್ಮ ಅಕ್ಕನ ಮನೀಯವ್ರು ಚಾಚಾ."

"ಅರೇ, ದಾಮಾದ್! ಅಳಿಯ ಬಂದ್ರ ತಹರಿ ತಿನ್ಸದೇ ಕಳಸ್ತೀನೇನು?" ಎಂದು ಪ್ಲೇಟಿಗೆ ಕೈ ಹಾಕಿದವರು ನನ್ನ ಮುಖ ಕಂಡು ನಿಂತರು. "ಹಾಂ ಹಾಂ, ಮರ್ತೇ ಬಿಟ್ಟಿದ್ದೆ. ಪರೇಜ್. ಅಲ್ಲಾ ಲಗೂ ಶಿಫಾ ಕೊಡ್ಲಿ ಬೇಟಾ."

"ಏನು ಪರೇಜ್? ಯಾರಿಗೆ ಪಥ್ಯ?" ಭಾವ ನನ್ನ ಕಿವಿಯಲ್ಲಿ ಕೇಳಿದರು.

"ಏನಿಲ್ರಿ ಭಾವಾರ. ಚಾಚಾ ಎಲ್ಲಾರಿಗೂ ದುವಾ ಮಾಡ್ತಾರ."

ಭಾವ ಹಂಡೆಯ ವಿಡಿಯೋ ಮಾಡಿದರು. ಬಹಳ ಹೊತ್ತು ಮಾಡಿದರು. ಮೊಬೈಲು ಹಂಡೆಗೆ ಎಷ್ಟು ಹತ್ತಿರ ಹೋಯಿತೆಂದರೆ ಹಬೆ ಕೂತು ಅದರ ಕಣ್ಣೇ ಮಸುಕಾಯಿತು. ಒರೆಸಿ ಒರೆಸಿ ಮತ್ತೆ ಹಿಡಿದರು.

ಮಳಖೇಡ ಕೋಟೆಯ ಮೇಲೆ ಅವರು ಅರಸರ ಬಗ್ಗೆ ಏನೋ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಸುಸ್ತಾಗಿ ಎರಡು ಸಲ ಕಲ್ಲಿನ ಮೇಲೆ ಕೂತರು ಎಂಬುದು ನೆನಪಿದೆ. ಒಂದು ಸಲವೇ ಇರಬಹುದು, ಸೇಡಿಗೆ ಸಾಕಾಗುವಷ್ಟು ನೆನಪು ತಾನೇ ಹೆಚ್ಚಿಸಿಕೊಂಡಿರಬಹುದು.

ಸೇಡಂನಲ್ಲಿ ತೊಡಕಾಯಿತು. ಅಲ್ಲಿಯ ಖಾನಾವಳಿ ನಡೆಸುವಾಕೆ ಅವ್ವನ ವಯಸ್ಸಿನವಳು. ಎದುರಿಗೇ ಕೂತು ರೊಟ್ಟಿ ಬಡಿಯುತ್ತಾಳೆ, ಅದು ಹಂಚಿನಿಂದ ನೇರ ತಾಟಿಗೆ ಬರುತ್ತದೆ. ಪುಂಡಿ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಭಾವ "ನನಗ ಬ್ಯಾಡ್ರವ್ವ" ಎಂದರು, ನಾನು "ಬ್ಯಾಡಂತ" ಎಂದೆ. ಆಕೆ ಕೇಳಬೇಕಲ್ಲ.

"ಪಥ್ಯ ಗಿಥ್ಯ ರೊಟ್ಟಿಗಿಲ್ಲ ಯಪ್ಪಾ. ರೊಟ್ಟಿ ತಿಂದು ಯಾರ ಸತ್ತಾರ?" ಎನ್ನುತ್ತ ಉಬ್ಬಿದ ರೊಟ್ಟಿಯನ್ನು ಎತ್ತಿ ಅವರತ್ತ ಚಾಚಿದಳು. ಭಾವನ ಮುಂದೆ ಖಾಲಿ ತಾಟು. ಕೈ ಅಡ್ಡ ಬರಲಿಲ್ಲ. ತಾಟಿನ ಎರಡೂ ಬದಿಗೆ ಸರಿದು ಕಾದು ಕೂತವು ಕೈಗಳು. ನಾನು ನನ್ನ ತಾಟನ್ನು ನಡುವೆ ತೂರಿಸಿದೆ. ರೊಟ್ಟಿ ನನ್ನಲ್ಲಿ ಬಿತ್ತು.

ಆಕೆ ನನ್ನನ್ನು ದಿಟ್ಟಿಸಿದಳು. "ಯಾಕೋ, ನಿನ್ನ ಹೊಟ್ಟಿ ಹರದದೇನು?"

"ಹಸಿವಿ ಭಾಳ ಆಗ್ಯದ ದೊಡ್ಡವ್ವ," ಎಂದೆ. ಭಾವನಿಗೆ ಕೇಳುವಂತೆ ಹೇಳಿದೆ. ಹೇಳುವುದು ಎಷ್ಟು ಸುಲಭ ನೋಡಿ ಎಂಬಂತೆ.

ಕೈ ತೊಳೆಯಲು ಹಿಂದೆ ಹೋದಾಗ ಆಕೆ ಬಂದು ನಿಂತಳು. "ನೀ ಏನೋ ಮಾಡಾಕತ್ತಿದಿ."

"ನಮ್ಮ ಮನೀ ವ್ಯವಹಾರ ಅದ."

"ಮನೀ ವ್ಯವಹಾರ ಮನ್ಯಾಗ ಇಟ್ಕೋ. ನನ್ನ ತಾಟಿನ್ಯಾಗ ತರಬ್ಯಾಡ."

ಒಳಗೆ ಹೋಗಿ ಅವಳು ಮತ್ತೊಮ್ಮೆ ಅವರನ್ನು ಕೇಳಿದಳೆಂದು ಕಾಣುತ್ತದೆ. ನಾನು ಬರುವಷ್ಟರಲ್ಲಿ ಭಾವ ಎದ್ದು ನಿಂತಿದ್ದರು. "ಖರೇನೇ ಬ್ಯಾಡವ್ವ, ಹೊಟ್ಟಿ ತುಂಬ್ಯದ," ಎನ್ನುತ್ತಿದ್ದರು. ಇನ್ನೊಂದು ಸಲ ಕೇಳಿದ್ದರೆ ಕೂತೇಬಿಡುತ್ತಿದ್ದರು. ಅಷ್ಟರಲ್ಲಿ ಕೋರ್ಟಿನ ಕಡೆಯ ಮಂದಿ ಗುಂಪಾಗಿ ನುಗ್ಗಿ "ಲಗೂ ಹಾಕ್ರವ್ವ" ಎಂದರು. ಆಕೆ ಹಂಚಿನತ್ತ ತಿರುಗಿದಳು. ಆ ವಕೀಲರಿಗೆ ನಾನು ಋಣಿ.

ಆಮೇಲೆ ಚಿಂಚೋಳಿ. ಅಲ್ಲಿ ಡ್ಯಾಮಿನ ರಸ್ತೆಯಲ್ಲಿ ಒಬ್ಬ ಮೀನು ಕರಿಯುತ್ತಾನೆ, ಕೆರೆಯ ಮೀನು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೈಯುತ್ತ ಕರಿಯುತ್ತಾನೆ. ಭಾವ ಒಂದೇ ಸಲ ವಿಡಿಯೋ ಹಿಡಿದು ಮೊಬೈಲು ಜೇಬಿಗಿಟ್ಟರು. ನಾನು ಮುಳ್ಳು ಬಿಡಿಸುತ್ತ ಕೂತೆ. ಅವರು ನೀರು ಕುಡಿದರು, ಮತ್ತೆ ನೀರು ಕುಡಿದರು. ಆಮೇಲೆ ಬಹಳ ಸಲೀಸಾಗಿ, ಎಲ್ಲೋ ನೋಡುತ್ತ ಕೇಳಿದರು.

"ಅತ್ತೇರು ಇವತ್ತು ಮನ್ಯಾಗ ಏನ್ ಮಾಡ್ಯಾರೋ?"

ಆ ಮಾತಿನ ಹತ್ತಿರಕ್ಕೆ ಅವರು ಬಂದದ್ದು ಅಷ್ಟೇ. ಬಾಗಿಲವರೆಗೆ ಬಂದು ನಿಂತರು, ದಾಟಲಿಲ್ಲ.

"ಏನೂ ಮಾಡಬ್ಯಾಡಂತ ಹೇಳೀನ್ರಿ. ಭಾವಾರು ಐದೂರಾಗ ಉಂಡು ಬರ್ತಾರ ಅಂದೆ."

ತಿರುಗಿ ಬರುವಾಗ ನಾನು ಬೇಕೆಂದೇ ತಡಮಾಡಿದೆ. ರಾವೂರ ಹತ್ತಿರದ ಒಂದು ಕಲ್ಲಿನ ಗಣಿಗೆ ಕಾರು ತಿರುಗಿಸಿ, ಇಲ್ಲದ ಕೆಲಸಕ್ಕೆ ಇಲ್ಲದ ಮಾತಾಡಿದೆ. ವಾಡಿಯಲ್ಲಿ ನಮ್ಮ ಮನೆಯ ಮುಂದೆ ನಿಲ್ಲಿಸಿದಾಗ ಗಾಡಿಗೆ ಹೊತ್ತಾಗಿತ್ತು. ಭಾವ ಇಳಿಯಲು ಕೂಡ ಸಮಯವಿರಲಿಲ್ಲ. ಅವ್ವ ಹೊಸ್ತಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಗಂಟು. ನಾನು ಬೇಡವೆಂದಿದ್ದರೂ ಮಾಡಿದ್ದಳು. ನಡುವೆ ನಾನಿರುವಾಗ ಅಳಿಯನ ಜೊತೆ ನೇರ ಮಾತಾಡುವವಳಲ್ಲ. ನನ್ನನ್ನು ನೋಡುತ್ತ ಕೇಳಿದಳು. "ಉಂಡಾರೇನು ಕೇಳು."

ಭಾವ ಕಾರಿನೊಳಗಿಂದ, ಮುಂದಿನ ಗಾಜು ನೋಡುತ್ತ, "ಭಾಳ ಉಂಡೀನಿ ಅಂತ ಹೇಳು. ಹೊಟ್ಟಿ ಭಾರ ಆಗ್ಯದ," ಎಂದರು.

ಅವ್ವ ಅಕ್ಕನಿಗೆ ಹೇಳಿದ್ದ ಅದೇ ಮಾತು. ಇಷ್ಟು ಸರಿಯಾಗಿ ಕೂಡಿಬಂದಾಗ ನನಗೆ ನನ್ನ ಮೇಲೆಯೇ ಅನುಮಾನ ಬರುತ್ತದೆ. ಅವರು "ಉಂಡೀನಿ" ಎಂದಷ್ಟೇ ಹೇಳಿರಬೇಕು, ಹೊಟ್ಟೆಯ ಭಾರವನ್ನು ನಾನೇ ಸೇರಿಸಿರಬೇಕು. ಸೇರಿಸಿದ್ದರೆ ಸೇರಿಸಿದೆ, ತೆಗೆಯುವುದಿಲ್ಲ.

ಅವ್ವ ಗಂಟನ್ನು ನನ್ನ ಕೈಗಿಟ್ಟು, "ಗಾಡ್ಯಾಗ ಕೊಡು," ಎಂದಳು.

ಪ್ಲಾಟ್‌ಫಾರ್ಮಿನ ಮೇಲೆ ಗಾಡಿ ಆಗಲೇ ನಿಂತಿತ್ತು. ಭಾವ ಡಬ್ಬಿ ಹತ್ತಿ ಬಾಗಿಲಲ್ಲಿ ನಿಂತರು. ಗಂಟಿನಿಂದ ಪುಂಡಿ ಪಲ್ಯದ ಹುಳಿ ವಾಸನೆ, ಬಳ್ಳೊಳ್ಳಿಯ ಘಮ, ಬಿಸಿ ರೊಟ್ಟಿಯ ಬೆವರಿಗೆ ಬಟ್ಟೆ ಒದ್ದೆ. ನಾನು ಅದನ್ನು ಮೇಲೆತ್ತಿ ಹಿಡಿದೆ.

"ಅವ್ವ ಕೊಟ್ಟಾಳ. ತಗೋರಿ ಭಾವಾರ."

"ಅಯ್ಯ, ಬ್ಯಾಡ ಬಿಡೋ," ಎಂದರು ಭಾವ.

ಬಾಯಿಯಿಂದ ಹೇಳಿದರು. ಕೈಗಳು ಅಡ್ಡ ಬರಲಿಲ್ಲ. ಒಂದು ಕೈ ಬಾಗಿಲ ಸರಳು ಹಿಡಿದಿತ್ತು, ಇನ್ನೊಂದು ಆಗಲೇ ಅರ್ಧ ಮುಂದೆ ಬಂದಿತ್ತು, ಬೆರಳು ತೆರೆದು.

"ಆಯ್ತ್ರಿ," ಎಂದು ನಾನು ಗಂಟನ್ನು ಕೆಳಗಿಳಿಸಿದೆ.

ಗಾಡಿ ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು. ಹಸಿವ್ಯಾಗ್ಯದ ಎಂಬ ಒಂದು ಶಬ್ದ ಸಾಕಿತ್ತು. ನಾನು ಅವರ ಕಣ್ಣು ನೋಡುತ್ತ ಕಾದೆ. ಅವರಿಗೂ ಗೊತ್ತಾಗಿತ್ತು, ಬೆಳಗಿನಿಂದ ಏನು ನಡೆದಿತ್ತೆಂದು ಗೊತ್ತಾಗಿತ್ತು. ಗೊತ್ತಾದ ಮೇಲೆ ಹೇಳುವುದು ಇನ್ನೂ ಕಷ್ಟ. ಗಾಡಿ ಅಲುಗಿತು. ಕೈ ಹಾಗೆಯೇ ಅರ್ಧ ಮುಂದಿತ್ತು, ಅದನ್ನೇ ಬೀಸಿ ಟಾಟಾ ಮಾಡಿದರು.

ಆಮೇಲಿನ ವಾರ ಅವರ ವಿಡಿಯೋ ಬಂತು. ಶಹಾಬಾದಿನ ಭಜಿ "ಬಾಯಲ್ಲಿಟ್ಟರೆ ಕರಗುತ್ತೆ ಸ್ನೇಹಿತರೇ", ಚಿತ್ತಾಪುರದ ತಹರಿ "ಜೀವನದಲ್ಲಿ ಮರೆಯೋಕಾಗಲ್ಲ". ಜನ ನಂಬಿದರು, ವಿಳಾಸ ಕೇಳಿದರು. ನಾನೊಬ್ಬನೇ ನಕ್ಕು ನಕ್ಕು ನೋಡಿದೆ. ಎರಡನೆಯದು ಬಿಡಿ, ಖರೇ ಇರಬಹುದು.

ಆ ಸಂಜೆ ಗಾಡಿ ಹೋದ ಮೇಲೆ ನಾನು ಕಲ್ಲಿನ ಬೆಂಚಿನ ಮೇಲೆ ಕೂತು ಗಂಟು ಬಿಚ್ಚಿದೆ. ನಾಲ್ಕೂರಿನಲ್ಲಿ ತಿಂದ ಹೊಟ್ಟೆ. ಆದರೂ ಪೂರಾ ತಿಂದೆ, ಹಿಂಡಿಯನ್ನು ಬೆರಳಿನಿಂದ ಒರೆಸಿ ತಿಂದೆ. ಈ ಐದೂರಿನಲ್ಲಿ ಎಲ್ಲಿ ಊಟ ಚೆನ್ನ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಪ್ಲಾಟ್‌ಫಾರ್ಮು.

ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಇದ್ದಳು.

"ಕೊಟ್ಟ್ಯಾ?"

"ಬ್ಯಾಡಂದ್ರು."

ಆಕೆ ಖಾಲಿ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಝಾಡಿಸಿದಳು, ರೊಟ್ಟಿಯ ಚೂರು ನೆಲಕ್ಕೆ ಬಿದ್ದವು. ಮಡಚಿ ಮೊಳೆಗೆ ಸಿಕ್ಕಿಸಿದಳು.

"ಎಷ್ಟ ಸಲ ಕೇಳ್ದಿ?"

"ಒಂದ ಸಲ."

ಅವಳು ನಕ್ಕಳೆಂದು ಬಹಳ ದಿನ ನಂಬಿದ್ದೆ. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು, ನಕ್ಕಿದ್ದರೂ ನನಗೆ ಕಂಡಿರಲಿಕ್ಕಿಲ್ಲ. ಒಲೆಯ ಬೂದಿ ಸರಿಸುತ್ತಿದ್ದಳು, ಹೊಗೆಗೂ ಸೆರಗು ಅಡ್ಡ ಹಿಡಿಯುತ್ತಾರೆ.

ಖಚಿತವಾಗಿ ನೆನಪಿರುವುದು ಆಮೇಲಿನದು. ಅವಳು ನನ್ನ ತಾಟು ಹಾಕಿದಳು. "ಉಣ್ಣು ಬಾ."

"ಬ್ಯಾಡವ್ವ," ಎಂದು ಕೂತು, ಅವಳು ಹೇಗೂ ಬಿಡುವವಳಲ್ಲವೆಂದು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದೆ.

ಅವಳು ನನ್ನ ಕೈಗಳ ಕಡೆ ನೋಡಲಿಲ್ಲ, ಎರಡನೇ ಸಲ ಕರೆಯಲೂ ಇಲ್ಲ. ರೊಟ್ಟಿಯ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡು, ತಾನೊಬ್ಬಳೇ ಉಣ್ಣತೊಡಗಿದಳು.